ಪತ್ತೇದಾರಿ ಧಾರಾವಾಹಿಯ ಕಡಲಿಗೆ ಗಡಿಯಾರವೇ ಇಲ್ಲ

ಕಡಲತೀರದ ಊರುಗಳಲ್ಲಿ ನಡೆಯುವ ಪತ್ತೇದಾರಿ ಧಾರಾವಾಹಿಗಳಲ್ಲಿ ಎಷ್ಟೋ ಸಲ ಕೊಲೆಯ ಗಂಟು ಬಿಚ್ಚುವುದೇ ಉಬ್ಬರದ ಸಮಯದಿಂದ. ಆ ಉಬ್ಬರದ ಲೆಕ್ಕವನ್ನೇ ಯಾರೂ ಇಡದಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಸಾಕ್ಷಿಯನ್ನು ಮಾತಾಡಿಸುವಾಗ ಹಿಂದೆ ದೋಣಿಗಳು ಕೆಸರಿನಲ್ಲಿ ವಾಲಿಕೊಂಡು ಬಿದ್ದಿರುತ್ತವೆ. ಕ್ಯಾಮೆರಾ ಆ ಕಡೆ ಹೋಗಿ ಈ ಕಡೆ ಬರುವಷ್ಟರಲ್ಲಿ ಅವೇ ದೋಣಿಗಳು ತೇಲುತ್ತಿರುತ್ತವೆ. ಮಾತು ನಡೆದದ್ದು ಎರಡೇ ನಿಮಿಷ!

ಒಂದು ದೃಶ್ಯದ ಚಿತ್ರೀಕರಣ ಅರ್ಧ ದಿನ ಹಿಡಿಯುತ್ತದೆ, ಒಪ್ಪೋಣ. ಹೆಚ್ಚಿನ ಕರಾವಳಿಗಳಲ್ಲಿ ಇಳಿತದಿಂದ ಉಬ್ಬರಕ್ಕೆ ಸುಮಾರು 6 ಗಂಟೆ 12 ನಿಮಿಷ. ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ: ಒಟ್ಟು ಏರಿಕೆಯ ಹನ್ನೆರಡು ಪಾಲಿನಲ್ಲಿ ಮೊದಲ ಗಂಟೆಗೆ ಒಂದು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು. ನಡುವಿನ ಆ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ. ನೀರು ಕಾಣುವ ವೈಡ್ ಶಾಟ್‌ಗಳನ್ನು ಇಳಿತದ ಆಚೀಚೆ ಒಂದೊಂದು ಗಂಟೆಯೊಳಗೆ ಮುಗಿಸಿ, ಕ್ಲೋಸಪ್‌ಗಳನ್ನು ಆಮೇಲೆ ಗೋಡೆಯ ಮುಂದೆ ತೆಗೆಯಬಹುದಲ್ಲ!

ಸುಳಿವೇ ತಪ್ಪಿದಾಗಲಂತೂ ಸಿಟ್ಟು ನೆತ್ತಿಗೇರುತ್ತದೆ. ಸೋಮವಾರ ಸಂಜೆ 6ಕ್ಕೆ ಉಬ್ಬರ ಎಂದವರು ಮಂಗಳವಾರವೂ 6ಕ್ಕೇ ಎನ್ನುತ್ತಾರೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗಬೇಕು. ಅಷ್ಟು ಹೊತ್ತಿನಲ್ಲಿ ಆರೋಪಿ ಬಂಡೆ ದಾಟಿ ಮನೆ ಸೇರಿರುತ್ತಾನೆ.