ಮೊದಲು ಪ್ರಶ್ನೆ ಓದಿ

ತಜ್ಞರ ಜೊತೆ ಮಾತಾಡಿಸುವ ಆ್ಯಪ್‌ಗಳು ಈಗ ಎಷ್ಟು ಜಾಸ್ತಿಯಾಗಿವೆ ಅಲ್ವಾ? 2005ರಲ್ಲಿ ಯಾಹೂ ಆನ್ಸರ್ಸ್, 2008ರಲ್ಲಿ ಸ್ಟಾಕ್ ಓವರ್‌ಫ್ಲೋ ಅನ್ನುವ ಪ್ರಶ್ನೋತ್ತರ ಜಾಲತಾಣಗಳು ಬಂದಾಗ ಗೊತ್ತಿದ್ದವರು ಪುಕ್ಕಟೆಯಾಗಿ ಹೇಳಿಕೊಡುತ್ತಿದ್ದರು. ಈಗ ಎಷ್ಟೋ ಕಡೆ ನಿಮಿಷದ ಲೆಕ್ಕ. ಅದಕ್ಕೆ ನನ್ನ ತಕರಾರಿಲ್ಲ, ಕಲಿತವರ ಸಮಯಕ್ಕೆ ಬೆಲೆ ಇರಲೇಬೇಕು.

ಆದರೆ ಇಂಥದ್ದೇ ಒಂದು ಆ್ಯಪ್‌ನಲ್ಲಿ ತಜ್ಞರೊಬ್ಬರ ಜೊತೆ ಮಾತಾಡಲು ನಾನು ಹಿಂದಿನ ರಾತ್ರಿಯೇ ಕೂತು, ತೆರಿಗೆ ನೋಟಿಸಿನ ಫೋಟೋ ಸಮೇತ ಎಲ್ಲ ಬರೆದು ಕಳಿಸಿದ್ದೆ. ಕರೆ ಶುರುವಾದ ಕೂಡಲೇ, “ಹೇಳಿ, ಏನು ಸಮಸ್ಯೆ?” ಅಂದರು ಆ ತಜ್ಞರು. ಒಂದು ಸಾಲೂ ಓದಿಲ್ಲ! ಪರದೆಯ ಮೂಲೆಯಲ್ಲಿ ಕೆಂಪು ಅಂಕಿ ಓಡುತ್ತಲೇ ಇತ್ತು. 15 ನಿಮಿಷದಲ್ಲಿ 6 ನಿಮಿಷ ಬರೆದದ್ದನ್ನೇ ಮತ್ತೆ ಹೇಳುವುದರಲ್ಲಿ ಹೋಯಿತು. ಹೊಟ್ಟೆ ಉರಿಯುತ್ತದೆ ರೀ. ನೋಟಿಸಿನ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕರೆ ಕಟ್. ನನ್ನ ನಿಜವಾದ ಪ್ರಶ್ನೆ ಇದ್ದದ್ದೇ ಆ ಪುಟದಲ್ಲಿ.