250ರಲ್ಲಿ 37ನೆಯ ಅಂಗಳ

ಕೇರಳದ ಕಾಸರಗೋಡಿನ ಬದಿಯಡ್ಕದ ಸಮೀಪ ಹೊಸ ಮನೆ ಕಟ್ಟಿಸಿದ ನನ್ನ ಭಾವನವರು ಗೃಹಪ್ರವೇಶದ ದಿನ, ಊಟಕ್ಕೆ ಎಲೆ ಹಾಕುವ ಮೊದಲೇ, ಬಂದವರನ್ನೆಲ್ಲ ಚಾವಡಿಯ ಪಡುಗೋಡೆಯ ಎದುರು ನಿಲ್ಲಿಸಿ ಒಂದು ಚಿತ್ರವನ್ನು ತೋರಿಸುತ್ತಿದ್ದರು. ಅಂಗಳದ ತುಂಬ ಒಣಹಾಕಿದ ಅಡಿಕೆ, ಅದರ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಅದನ್ನು ಮಗುಚುತ್ತಿರುವ ಒಬ್ಬ ವೃದ್ಧೆ; ಅಡಿಕೆಸಿಪ್ಪೆಯ ನಾರು, ಮುದುಕಿಯ ಹಿಮ್ಮಡಿಯ ಒಡಕು, ಎರಡನ್ನೂ ಎಣಿಸಿ ಲೆಕ್ಕ ಹೇಳಬಹುದಾದಷ್ಟು ನಿಚ್ಚಳ. ಕೆಳಗೆ ಎಡಮೂಲೆಯಲ್ಲಿ ಪೆನ್ಸಿಲಿನಿಂದ 37/250, ಅಂದರೆ 250 ಪ್ರತಿಗಳಲ್ಲಿ 37ನೆಯದು, ಎಂದಿತ್ತು, ಬಲಮೂಲೆಯಲ್ಲಿ ಕಲಾವಿದರ ಸಹಿ. ಹೊರಗಿನ ಅಂಗಳದಲ್ಲಿದ್ದ ನಿಜವಾದ ಅಡಿಕೆಯನ್ನು ಚಪ್ಪರಕ್ಕೆ ಅಡ್ಡಿಯೆಂದು ಹಿಂದಿನ ದಿನವೇ ಬಾಚಿ ಕೊಟ್ಟಿಗೆಯ ಹಿಂದಕ್ಕೆ ಸಾಗಿಸಲಾಗಿತ್ತು. ಅದನ್ನು ಇಷ್ಟು ದಿನ ಮಗುಚಿದ್ದ ಅತ್ತೆಯವರು ಅಡುಗೆಮನೆಯ ಹಿಂಬದಿಯಲ್ಲಿ ವೀಳ್ಯದೆಲೆ ಒರಸುತ್ತಿದ್ದರು.

"ಇನ್ನು ಇದರ ಒಂದೇ ಒಂದು ಪ್ರತಿಯೂ ಅಚ್ಚಾಗುವುದಿಲ್ಲ, ಭಾವ" ಎಂದು ಭಾವನವರು ನನಗೆ ತಗ್ಗಿದ ದನಿಯಲ್ಲಿ ಹೇಳಿದರು. ಬೆಲೆ ಕೇಳಿದೆ. ಸುಮಾರು 40 ಕಿಲೊ ಚಾಲಿ ಅಡಿಕೆಯ ಕ್ರಯ.

ಅಚ್ಚಾಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ? ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಗೀರಿನೊಳಗೆ ಮಸಿ ತುಂಬಿ, ಒದ್ದೆ ಕಾಗದವಿಟ್ಟು ಒತ್ತಿ ಚಿತ್ರ ತೆಗೆಯುವವರ ಕೈಯಲ್ಲಿ ಈ ಸಂಖ್ಯೆಗೆ ಅರ್ಥವಿತ್ತು. ಒತ್ತಿದಷ್ಟೂ ತಾಮ್ರ ಸವೆಯುತ್ತದೆ, ಗೆರೆ ಮಂಕಾಗುತ್ತದೆ, ಮೊದಮೊದಲ ಪ್ರತಿಗಳಿಗೆ ಇರುವ ಹರಿತ ಕೊನೆಯವಕ್ಕೆ ಇರುವುದಿಲ್ಲ. ನಿಗದಿಯಾದಷ್ಟು ಪ್ರತಿ ತೆಗೆದ ಮೇಲೆ ತಗಡಿಗೆ ಅಡ್ಡಗೀರು ಎಳೆದು ಅದನ್ನು ರದ್ದುಪಡಿಸುವ ಪದ್ಧತಿಯೂ ಇತ್ತು. ಭಾವನವರ ಚಿತ್ರದ ತಗಡಾದರೋ ಕಂಪ್ಯೂಟರಿನೊಳಗಿನ ಒಂದು ಫೈಲು. ಅದು ಎರಡೂವರೆ ಲಕ್ಷ ಪ್ರತಿ ತೆಗೆದರೂ ಸವೆಯದು. ಯಂತ್ರವು 250ಕ್ಕೆ ನಿಲ್ಲುವುದು ಮಾರುವವರ ಸಂಯಮದಿಂದ ಮಾತ್ರ. ಹೋಳಿಗೆಯ ಬುಟ್ಟಿಯನ್ನು ಬಾಗಿಲ ಮರೆಯಲ್ಲಿಟ್ಟು ಪಂಕ್ತಿಯ ನಡುವೆ "ಮುಗಿಯಿತು" ಎಂದು ಕೈಯಾಡಿಸುವ ಬಡಿಸುವವನ ಸಂಯಮವದು. ಆ ಸಂಯಮವೂ ಈ ಅಳತೆಗಷ್ಟೇ ಸೀಮಿತವೆಂಬುದು ಭಾವನವರ ಕೈಯಲ್ಲಿದ್ದ ಪತ್ರದಿಂದಲೇ ತಿಳಿಯಿತು: ದೊಡ್ಡ ಅಳತೆಯದು ಬೇರೆ 100, ಕ್ಯಾನ್ವಾಸಿನ ಮೇಲಿನದು ಬೇರೆ 50, ಕಲಾವಿದರ ಸ್ವಂತಕ್ಕೆಂದು ತೆಗೆದಿಟ್ಟು ಆಮೇಲೆ ಅವನ್ನೂ ಮಾರುವ ಪ್ರತಿಗಳು ಬೇರೆ.

ಶಾಯಿಯನ್ನು ಸಣ್ಣ ಹನಿಗಳಾಗಿ ಕಾಗದಕ್ಕೆ ಚಿಮ್ಮಿಸುವ ಈ ಇಂಕ್‌ಜೆಟ್ ಮುದ್ರಣದ ಹೆಸರು ಜಿಕ್ಲೇ. 1991ರಲ್ಲಿ ಕ್ಯಾಲಿಫೋರ್ನಿಯಾದ ಮುದ್ರಕ ಜ್ಯಾಕ್ ಡುಗಾನ್ ಎಂಬವರು, ಇಂಕ್‌ಜೆಟ್ ಎಂದರೆ ಗಿರಾಕಿಗಳಿಗೆ ಕಚೇರಿಯ ಯಂತ್ರ ನೆನಪಾಗಬಾರದೆಂದು, ಚಿಮ್ಮಿಸು ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಇದನ್ನು ಹೊಸೆದರು. ಚಿಮ್ಮಿಸುವ ಕೆಲಸಕ್ಕೆ ಫ್ರಾನ್ಸಿನಿಂದ ಹೆಸರು ತರಿಸಿಕೊಳ್ಳುವುದು ಕಾಸರಗೋಡಿನ ತೋಟದವರಿಗೆ ಹೊಸತೇನಲ್ಲ. ಕೊಳೆರೋಗ ಬಾರದಂತೆ ನಾವು ಅಡಿಕೆಗೊನೆಗೆ ಚಿಮ್ಮಿಸುವ ಬೋರ್ಡೋ ದ್ರಾವಣವೂ ಆ ದೇಶದ ಊರಿನ ಹೆಸರನ್ನೇ ಹೊತ್ತಿದೆ: 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಮರದ ತುದಿಯಲ್ಲಿ ಜೋತುಕೊಂಡು ಅದನ್ನು ಚಿಮ್ಮಿಸುವವನು "ಮದ್ದು ಬಿಟ್ಟೆ" ಎಂದಷ್ಟೇ ಹೇಳಿ ಕೂಲಿ ಪಡೆದು ಹೋಗುತ್ತಾನೆ. ಯಾವ ಗೊನೆಗೂ ಸಂಖ್ಯೆ ಹಾಕಿ ಸಹಿ ಮಾಡುವುದಿಲ್ಲ. ಮಳೆಗಾಲದಲ್ಲಿ ಅವನು ಒಂದು ದಿನಕ್ಕಾದರೂ ಸಿಕ್ಕಬೇಕೆಂದು ಊರಿಗೆ ಊರೇ ಫೋನು ಹಿಡಿದು ಕಾಯುವುದನ್ನು ನೋಡಿದರೆ, ಲಿಮಿಟೆಡ್ ಎಡಿಷನ್ ಎಂಬ ಮಾತು ಅವನಿಗೇ ಹೆಚ್ಚು ಒಪ್ಪುತ್ತದೆ.

ಚಿತ್ರವು ವಾಸ್ತವಶೈಲಿಯದೆಂಬುದು ಭಾವನವರಿಗೆ ದೊಡ್ಡ ಹೆಮ್ಮೆ. ಕಲಾವಿದರು ಯಾರದೋ ಅಂಗಳದ ಫೋಟೋ ತೆಗೆದು, ಅದನ್ನು ನೋಡಿ ತಿಂಗಳುಗಟ್ಟಲೆ ಬಣ್ಣ ಹಚ್ಚಿದರು. ಅದರಲ್ಲಿ ಶ್ರಮವೂ ಕಣ್ಣೂ ಇದ್ದುವೆಂಬುದರಲ್ಲಿ ಸಂಶಯವಿಲ್ಲ. ಆಮೇಲೆ ಆ ಚಿತ್ರದ ಫೋಟೋ ತೆಗೆದು ಮುದ್ರಿಸಲಾಯಿತು, ಮುದ್ರಣದ ಫೋಟೋವನ್ನು ಭಾವನವರು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದರು, ಅದನ್ನು ನೋಡಿದ ದುಬಾಯಿಯ ತಮ್ಮ "ನಮ್ಮ ಅಂಗಳ ಎಷ್ಟು ಚಂದ" ಎಂದು ಕಣ್ಣೀರಿನ ಚಿಹ್ನೆ ಕಳುಹಿಸಿದ. ಆ ಅಂಗಳ ಕರ್ನಾಟಕದ ಯಾವುದೋ ಹಳ್ಳಿಯದು.

ಜೊತೆಗೊಂದು ಸರ್ಟಿಫಿಕೇಟು, ಹೊಳೆಯುವ ಹೊಲೋಗ್ರಾಮಿನ ಸಮೇತ. ತಾವು ತಾವೇ ಎಂದು ರುಜುವಾತುಪಡಿಸಲು ಇನ್ನೊಂದು ಭಾಷೆಯ ಅರ್ಜಿಯನ್ನು ಪಕ್ಕದವರಿಂದ ತುಂಬಿಸಿಕೊಂಡು ಅಭ್ಯಾಸವಾದ ಈ ಗಡಿಯ ಜನರಿಗೆ ಇಂಥ ಕಾಗದದ ಮೇಲೆ ಸಹಜವಾಗಿಯೇ ಭಕ್ತಿ. ಸಹಿಯ ಮಹಿಮೆ ಬಲ್ಲವರು ಹೊರಗೂ ಇದ್ದಾರೆ: 1974ರಲ್ಲಿ ಫ್ರಾನ್ಸಿನ ಸುಂಕದವರು ಒಂದು ಲಾರಿಯನ್ನು ತಡೆದಾಗ, ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯವರ ಸಹಿ ಮಾತ್ರ ಇದ್ದು ಚಿತ್ರವೇ ಇಲ್ಲದ ಸುಮಾರು 40,000 ಖಾಲಿ ಹಾಳೆಗಳು ಸಿಕ್ಕಿದ್ದವು. ಅಮೆರಿಕದ ಚಿತ್ರಕಾರ ಥಾಮಸ್ ಕಿಂಕೇಡ್ ತಮ್ಮ ಮುದ್ರಣಗಳಿಗೆ ಸ್ವಂತ ಡಿಎನ್‌ಎ ಬೆರೆಸಿದ ಶಾಯಿಯಲ್ಲಿ ಸಹಿ ಹಾಕಿಸುತ್ತಿದ್ದರು.

ಹಳೆಯ ಮನೆಯ ಚಾವಡಿಯಲ್ಲಿ ಮೊದಲಿದ್ದುದು ರವಿವರ್ಮನ ಲಕ್ಷ್ಮಿ. ಆ ಪುಣ್ಯಾತ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು, ಬಣ್ಣಕ್ಕೊಂದರಂತೆ ಕಲ್ಲು ಹೂಡಿ, ಅರಮನೆಯ ಗೋಡೆಯ ದೇವರನ್ನು ಸಿಕ್ಕಿದವರಿಗೆಲ್ಲ ಹಂಚಿದ. ಎಷ್ಟಕ್ಕೆ ನಿಲ್ಲಿಸಬೇಕೆಂಬ ಯೋಚನೆಯೇ ಆ ವ್ಯಾಪಾರದಲ್ಲಿರಲಿಲ್ಲ. ನಿಲ್ಲಿಸುವ ಹೊಣೆಯನ್ನು ಗೆದ್ದಲು, ಒಲೆಯ ಹೊಗೆ ಮತ್ತು ನಮ್ಮ ಮಳೆಗಾಲ ಸರ್ಟಿಫಿಕೇಟಿಲ್ಲದೆಯೇ ನಿರ್ವಹಿಸಿದ್ದರಿಂದ ಇಂದು ಆ ಅಚ್ಚುಗಳಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಭಾವನವರು ಅದನ್ನು ಹಳೆ ಸಾಮಾನಿನವನಿಗೆ ಎರಡು ಸ್ಟೀಲು ಬಕೆಟ್ಟಿಗೆ ಕೊಟ್ಟಿದ್ದರು.

ಆಟಿ ತಿಂಗಳ ಮಳೆಗೆ ಹೊಸ ಗೋಡೆ ನೀರುಕ್ಕಿತು. ನೂರು ವರ್ಷ ಮಾಸದ ಬಣ್ಣವೆಂದು ಮಾರಿದವರು ಹೇಳಿದ್ದ ಮಾತು ಸುಳ್ಳಾಗಲಿಲ್ಲ, ಬಣ್ಣ ಹಾಗೆಯೇ ಇತ್ತು. ಗಾಜಿನೊಳಗೆ ಮುದುಕಿಯ ಮುಖದ ಮೇಲೆ ಮಾತ್ರ ಬೂಷ್ಟು ಹಿಡಿದಿತ್ತು. ಭಾವನವರು ಮಾರಿದವರಿಗೆ ಫೋನು ಮಾಡಿದಾಗ ಅವರು ಬಹಳ ವಿನಯದಿಂದ, ಹಾಳಾದುದನ್ನು ಹರಿದು ಅದರ ಫೋಟೋ ಕಳುಹಿಸಿದರೆ ಹೊಸತೊಂದನ್ನು ಕೊಡುವುದಾಗಿಯೂ, ಅದಕ್ಕೂ 37 ಎಂದೇ ಸಂಖ್ಯೆ ಹಾಕುವುದಾಗಿಯೂ ತಿಳಿಸಿದರು. ಇನ್ನು ಅಚ್ಚಾಗುವುದಿಲ್ಲವೆಂದು ನೀವು ಹೇಳಿದ್ದಿರಲ್ಲ ಎಂದು ನಾನು ಕೇಳಲಿಲ್ಲ. ಭಾವನವರ ಮುಖದ ಸಂತೋಷ ಹಾಗಿತ್ತು. ಹತ್ತಿಯ ಆ ದಪ್ಪ ಕಾಗದ ಕೈಗೆ ಹರಿಯದೆ ಕತ್ತಿ ತರಿಸಬೇಕಾಯಿತು. ಫೋಟೋ ತೆಗೆದಾದ ಮೇಲೆ ಅತ್ತೆಯವರು ಎರಡೂ ತುಂಡುಗಳನ್ನು ಕೊಂಡೊಯ್ದು, ನೆಲದ ಥಂಡಿ ತಾಗದಿರಲೆಂದು ಅಡಿಕೆಯ ಗೋಣಿಗಳ ಅಡಿಗೆ ಹಾಸಿದರು.