ಮಕ್ಕಳು ಹಂಚಿಹೋದರೆ ಜೀವನಾಂಶ ಚುಕ್ತಾ ಆಗುವುದಿಲ್ಲ

"ಆಕಿ ಕಡೆ ಒಂದು ಕೂಸು, ನಿನ್ನ ಕಡೆ ಒಂದು ಕೂಸು. ಲೆಕ್ಕ ಚುಕ್ತಾ ಆತು ಬಿಡಪಾ."

ಬಾಗಲಕೋಟೆ, ಮುಧೋಳ ಕಡೆ ಸೋಡಚೀಟಿ (ವಿಚ್ಛೇದನ) ಆದ ಮನೆಗಳ ವಿಷಯ ಬಂದಾಗ ಹಿರಿಯರು ಹೀಗೆ ಹೇಳುವುದುಂಟು. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಈ ಲೆಕ್ಕ ತಪ್ಪು. ನಷ್ಟ ಆಗುವುದು ಮಕ್ಕಳಿಗೆ.

ನಮ್ಮ ಸಂಬಂಧಿಕರಲ್ಲೇ ಹೀಗಾಯಿತು. ಕೋರ್ಟ್ ಆರ್ಡರ್ ಆದಾಗ ಇಬ್ಬರೂ ಮಕ್ಕಳು ತಾಯಿ ಹತ್ತಿರ ಇದ್ದರು. ತಂದೆ ತಿಂಗಳಿಗೆ 12,000 ರೂಪಾಯಿ ಕೊಡಬೇಕಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಅಪ್ಪನ ಮನೆಗೆ ಹೋದ, ಮಗಳು ತಾಯಿ ಹತ್ತಿರವೇ ಉಳಿದಳು. ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಇಬ್ಬರ ಸಹಿ ಹಾಕಿಸಿದರು. ತಂದೆ ಹಣ ಕೊಡುವುದನ್ನೇ ನಿಲ್ಲಿಸಿದ. ಮುಂದೆ ಮಗಳ ಫೀ ವಿಷಯಕ್ಕೆ ಜಗಳ ಹತ್ತಿತು, ತಾಯಿ ಬಾಕಿ ವಸೂಲಿಗೆ ಅರ್ಜಿ ಹಾಕಿದಳು. ಬಾಂಡ್ ಹಿಡಿದು ಓಡಿದ ತಂದೆಗೆ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ಆರ್ಡರ್ ಬದಲು ಮಾಡಿಸಿದ್ದೀರಾ?"

ಮಾಡಿಸಿರಲಿಲ್ಲ. ಮಗು ಮನೆ ಬದಲಿಸಿತು ಅಂತ ಆರ್ಡರ್ ತಾನಾಗಿ ಬದಲಾಗುವುದಿಲ್ಲ. ಹಳೇ ಮೊತ್ತ ಹಾಗೇ ನಿಂತಿರುತ್ತದೆ, ಬಾಕಿ ಬೆಳೆಯುತ್ತಾ ಹೋಗುತ್ತದೆ. ಬಾಕಿ ಉಳಿಸಿಕೊಂಡರೆ ವಾರಂಟ್ ಬರುತ್ತದೆ, ಆಮೇಲೂ ಕಟ್ಟದಿದ್ದರೆ ಜೈಲೂ ಆಗಬಹುದು. ವಸೂಲಿಗೆ ಅರ್ಜಿ ಹಾಕುವವರೂ ಹಣ ಬಾಕಿಯಾದ ಒಂದು ವರ್ಷದೊಳಗೆ ಹಾಕಬೇಕು.

ಬದಲು ಮಾಡಿಸಲು ದಾರಿ ಇದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 127ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ ಬಂದಿದೆ. ಪರಿಸ್ಥಿತಿ ಬದಲಾಗಿದೆ ಅಂತ ತೋರಿಸಿದರೆ ಮೊತ್ತವನ್ನು ಏರಿಸಬಹುದು, ಇಳಿಸಬಹುದು. ವಿಚ್ಛೇದನದ ಕೇಸಿನಲ್ಲೇ ಮಕ್ಕಳ ಬಗ್ಗೆ ಆರ್ಡರ್ ಆಗಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಆಮೇಲೂ ತಿದ್ದಿಸಬಹುದು.

ಈಗ ಲೆಕ್ಕಕ್ಕೆ ಬರೋಣ. 2000ದಲ್ಲಿ ಪದ್ಮಜಾ ಶರ್ಮಾ ಕೇಸಿನಲ್ಲಿ ತಂದೆ ತಾಯಿ ಇಬ್ಬರೂ ನೌಕರಿಯಲ್ಲಿದ್ದರು. ತಂದೆಯ ಪಗಾರ ಸುಮಾರು ಎರಡು ಪಟ್ಟು ಇತ್ತು. ಮಕ್ಕಳ ಖರ್ಚನ್ನು 2:1ರಂತೆ ಹೊರಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇದು ಎಲ್ಲ ಕೇಸಿಗೂ ಅನ್ವಯಿಸುವ ಸೂತ್ರ ಅಲ್ಲ, ಜೀವನಾಂಶಕ್ಕೆ ನಮ್ಮಲ್ಲಿ ಅಂಥ ಸೂತ್ರವೇ ಇಲ್ಲ. ಆದರೂ ನ್ಯಾಯವಾದ ಅಳತೆ, ಅಲ್ವಾ?

ತಂದೆಗೆ 60,000, ತಾಯಿಗೆ 30,000, ಒಂದೊಂದು ಮಗುವಿಗೆ 9,000 ಖರ್ಚು ಅಂತ ಇಟ್ಟುಕೊಳ್ಳಿ. ಇಬ್ಬರೂ ತಾಯಿ ಹತ್ತಿರ ಇದ್ದಾಗ ತಂದೆ 12,000 ಕೊಡುತ್ತಿದ್ದ. ಮಗ ಬಂದ ಮೇಲೆ ಮಗಳಿಗಾಗಿ ತಂದೆ 6,000 ಕೊಡಬೇಕು, ಮಗನಿಗಾಗಿ ತಾಯಿ 3,000 ಕೊಡಬೇಕು. ಒಂದರಲ್ಲಿ ಇನ್ನೊಂದನ್ನು ಕಳೆದರೆ ತಂದೆಯಿಂದ ತಾಯಿಗೆ 3,000 ಹೋಗಬೇಕು. ಚುಕ್ತಾ ಅಂದವರ ಲೆಕ್ಕದಲ್ಲಿ ಸೊನ್ನೆ, ಹಳೇ ಆರ್ಡರ್‌ನಲ್ಲಿ 12,000. ಎರಡೂ ಸರಿಯಲ್ಲ. ಮಗನನ್ನು ಧಾರವಾಡದಲ್ಲಿ ಹಾಸ್ಟೆಲ್ಲಿಗೆ ಹಾಕಿ ಅವನ ಖರ್ಚು 15,000ಕ್ಕೆ ಏರಿತು ಅನ್ನಿ, ತಾಯಿಯ ಪಾಲು 5,000 ಆಗುತ್ತದೆ. ಆಗ ತಂದೆ ಕೊಡಬೇಕಾದ್ದು 1,000 ಮಾತ್ರ. ತಾಯಿಯ ಪಗಾರವೇ ಜಾಸ್ತಿ ಇದ್ದರೆ ಅವಳೇ ಕೊಡುವ ಪ್ರಸಂಗವೂ ಬರಬಹುದು. ಹೆಣ್ಣುಮಕ್ಕಳು ಇದಕ್ಕೆ ಸಿಟ್ಟಾಗಬಾರದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಮಕ್ಕಳನ್ನು ಸಾಕುವ ಹೊಣೆಯನ್ನು ಇಬ್ಬರ ಮೇಲೂ ಹಾಕಿದೆ.

ಇದೆಲ್ಲ ಪಗಾರದವರ ಕಥೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರಿಗೆ ತಿಂಗಳ ಪಗಾರ ಇದೆ? ಕಬ್ಬಿನ ಬಿಲ್ ಯಾವಾಗ ಬರುತ್ತದೋ ಕಾರ್ಖಾನೆಯವರಿಗೇ ಗೊತ್ತು. ರಬಕವಿ-ಬನಹಟ್ಟಿಯ ಮಗ್ಗದವರಿಗೆ ಸೀಸನ್ ಇದ್ದರೆ ಕೂಲಿ. "ನನಗೇನೂ ಆದಾಯ ಇಲ್ರಿ" ಅಂತ ಕೈಯೆತ್ತುವುದು ಸುಲಭ. 2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಉಪಾಯ ಮಾಡಿತು. ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು. ರೈತರಿಗೆ ಬೇರೆ ನಮೂನೆಯೇ ಇದೆ. ಹೊಲ ಎಷ್ಟು, ನೀರಾವರಿಯೋ ಒಣಬೇಸಾಯವೋ, ಯಾವ ಬೆಳೆ, ದನಕರು ಎಷ್ಟು, ಸಾಲ ಎಷ್ಟು ಎಂಬುದೆಲ್ಲ ಅದರಲ್ಲಿ ಬರಬೇಕು. ಬುಲೆಟ್ ಮೇಲೆ ಓಡಾಡುತ್ತಾ ಆದಾಯ ಇಲ್ಲ ಅನ್ನುವವರಿಗೆ ಈ ಹಾಳೆ ತುಂಬುವುದು ಸ್ವಲ್ಪ ಕಷ್ಟವೇ.

ಹಣಕ್ಕಿಂತ ನನಗೆ ಜಾಸ್ತಿ ಬೇಸರ ತರಿಸುವ ವಿಷಯ ಬೇರೆ. ಅಣ್ಣ ಒಂದು ಊರು, ತಂಗಿ ಒಂದು ಊರು. ಭೇಟಿ ಮಾಡಿಸುವವರು ಯಾರು? ದೊಡ್ಡವರ ಸಿಟ್ಟಿನಲ್ಲಿ ಪಂಚಮಿ ಹಬ್ಬಕ್ಕೂ ಇಬ್ಬರೂ ಸೇರುವುದಿಲ್ಲ. ಆರ್ಡರ್ ತಿದ್ದಿಸುವಾಗ ಅದನ್ನೂ ಬರೆಸಿ ಅನ್ನುತ್ತೇನೆ: ಯಾವ ಹಬ್ಬ ಯಾರ ಮನೆಯಲ್ಲಿ, ಬಸ್ ಖರ್ಚು ಯಾರದು. ಸಣ್ಣ ವಿಷಯ ಅಂತ ಬಿಟ್ಟರೆ ಆಮೇಲೆ ಅದೇ ದೊಡ್ಡ ಜಗಳ.

ಇಬ್ಬರೂ ಒಪ್ಪಿದ್ದರೆ ಒಟ್ಟಿಗೇ ಅರ್ಜಿ ಕೊಡಬಹುದು, ಸುಮ್ನೆ ವರ್ಷಗಟ್ಟಲೆ ಗುದ್ದಾಡುವ ಅಗತ್ಯ ಇಲ್ಲ. ವಕೀಲರ ಫೀ ಭಾರ ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಗಂಡಸರಿಗೂ ಆದಾಯ ಮಿತಿಯೊಳಗಿದ್ದರೆ ಸಿಗುತ್ತದೆ. ಹೋಗುವಾಗ ಹಳೇ ಆರ್ಡರ್ ನಕಲು, ಮಗುವಿನ ಟಿಸಿ, ಫೀ ರಸೀದಿ ಜೊತೆಗಿರಲಿ.